ತಾಮ್ರದ ಹಾಳೆಯ ತೂಕ ತಪ್ಪಿದ ವರ್ಷ

ಚಾರ್ಜ್ ಆಗುವಾಗ ಉಬ್ಬಿ, ಇಳಿಯುವಾಗ ಕುಗ್ಗಿ, ಕೊನೆಗೆ ಬಿರುಕು ಬಿಡುವ ಸಿಲಿಕಾನನ್ನು ನ್ಯಾನೊ ಕಣಗಳಾಗಿಸಿ ಲಿಥಿಯಂ-ಅಯಾನ್ ಬ್ಯಾಟರಿಯ ಎಲೆಕ್ಟ್ರೋಡಿಗೆ ಒಗ್ಗಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ ಪ್ರಾಧ್ಯಾಪಕಿಯವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಯಾವ ಅಂಕಿ ತಂದು ತೋರಿಸಿದರೂ ಕನ್ನಡಕ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದುದರಿಂದ, ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ‘ಇನ್ನೊಂದ್ಸಲ ಮೇಡಂ’ ಎನ್ನುತ್ತಿದ್ದರು.

ಅವರ ಬಳಿ ಸಂಶೋಧನೆಗೆ ಸೇರಿದ ಶಿಷ್ಯೆಯೊಬ್ಬಳಿಗೆ ಆಗ ಎರಡು ವರ್ಷದ ಮಗಳು. ಮಗುವಿಗೆ ಉಣಿಸಿ, ಬಟ್ಟೆ ಒಣಹಾಕಿ, ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಅವಳು ಅರ್ಧ ಜೀವವಾಗಿರುತ್ತಿದ್ದಳು. ತಾಮ್ರದ ಹಾಳೆಗೆ ಸಿಲಿಕಾನ್ ಲೇಪ ಬಳಿದು, ಬಿಲ್ಲೆಗಳಾಗಿ ಕತ್ತರಿಸಿ ತೂಗಿ, ಬರಿಯ ತಾಮ್ರದ ತೂಕ ಕಳೆದರೆ ಲೇಪದ ತೂಕ ಸಿಗುತ್ತದೆ. ಫಲಿತಾಂಶ ಚೆನ್ನಾಗಿ ಬಂದು ಪ್ರಬಂಧ ಅಚ್ಚಾಯಿತು. ಶಿಷ್ಯೆಯ ಪದವಿಗೆ ಅದೇ ಆಧಾರ. ವಿಭಾಗದ ಮುಖ್ಯಸ್ಥರ ಹುದ್ದೆಗೆ ಮೇಡಂ ಹೆಸರು ಕೇಳಿಬಂದದ್ದೂ ಅದರಿಂದಲೇ.

ನಾಲ್ಕು ತಿಂಗಳ ಬಳಿಕ ಶಿಷ್ಯೆಗೆ ಗೊತ್ತಾಯಿತು: ನಡುವೆ ಬಂದ ಹೊಸ ಸುರುಳಿಯ ಹಾಳೆ ಹಳೆಯದಕ್ಕಿಂತ ತೆಳು. ಅವಳು ಹಳೆಯ ತೂಕವನ್ನೇ ಕಳೆಯುತ್ತ ಹೋಗಿದ್ದಳು. ಲೇಪ ಇದ್ದುದಕ್ಕಿಂತ ಕಡಿಮೆ ಎಂದಾಗಿ, ಗ್ರಾಂ ಲೇಪಕ್ಕೆ ಇಷ್ಟು ಎಂದು ಲೆಕ್ಕ ಹಾಕುವ ಬ್ಯಾಟರಿಯ ಸಾಮರ್ಥ್ಯ ಇಲ್ಲದಷ್ಟು ಹೆಚ್ಚು ಕಂಡಿತ್ತು.

“ಮೇಡಂ, ಹೊಸ ಹಾಳೇನ ತೂಗೋದೇ ಮರ್ತುಬಿಟ್ಟೆ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ನಾನೂ ಕೇಳ್ಲಿಲ್ವಲ್ಲಮ್ಮ. ಊರಿಗೆಲ್ಲ ಇನ್ನೊಂದ್ಸಲ ಅಂತ ಪ್ರಾಣ ತಿನ್ನೋಳು.”

“ಯಾರಿಗೂ ಗೊತ್ತಾಗಲ್ಲ, ಸುಮ್ನಿದ್ದುಬಿಡೋಣ ಅಂತ ಒಂದು ವಾರ ಒದ್ದಾಡ್ದೆ.”

“ಈಗ ಇಬ್ಬರಿಗೆ ಗೊತ್ತಾಯ್ತಲ್ಲ. ಪ್ರಬಂಧ ವಾಪಸ್ ತಗೊಳ್ಳೋ ಪತ್ರ ಬರಿ. ಮೊದಲ ಸಹಿ ನಂದು.”

ಮುಖ್ಯಸ್ಥರ ಹುದ್ದೆ ಬೇರೊಬ್ಬರ ಪಾಲಾಯಿತು. ಅದರ ಬಗ್ಗೆ ಅವರು ಮತ್ತೆ ಬಾಯಿ ಬಿಡಲಿಲ್ಲ. ಎಂಬತ್ತಾರು ಪುಟ್ಟ ಸೆಲ್‌ಗಳನ್ನು ಮತ್ತೆ ಕಟ್ಟಿ ಪರೀಕ್ಷಿಸಿದ ಆ ದಿನಗಳಲ್ಲಿ, ಮಗುವಿಗೆ ಜ್ವರ ಬಂದಾಗಲೆಲ್ಲ ಶಿಷ್ಯೆಯನ್ನು ಮನೆಗೆ ಕಳಿಸಿ, ನೋಯುವ ಮೊಣಕಾಲಿನಲ್ಲಿ ತಾವೇ ನಿಂತು ಕೆಲಸ ಮುಗಿಸುತ್ತಿದ್ದರು. ಸಾಮರ್ಥ್ಯ ಮೊದಲಿಗಿಂತ ಐದರಲ್ಲೊಂದು ಪಾಲು ಕಡಿಮೆ ಬಂತು, ಪದವಿ ಎರಡು ವರ್ಷ ತಡವಾಯಿತು. ಆದರೆ ಆ ಅಂಕಿಯನ್ನು ಇದುವರೆಗೆ ಯಾರಿಂದಲೂ ಅಲ್ಲಾಡಿಸಲಾಗಿಲ್ಲ. ಈಗ ಸ್ವತಃ ಅಧ್ಯಾಪಕಿಯಾಗಿರುವ ಶಿಷ್ಯೆ, ಹೊಸಬರಿಗೆ ಮೊದಲ ದಿನ ಓದಲು ಕೊಡುವುದು ಹಿಂತೆಗೆದುಕೊಂಡ ಆ ಪ್ರಬಂಧವನ್ನೇ, ಇಬ್ಬರ ಹೆಸರೂ ಅಳಿಸದೆ.

ಮೇಡಂ ಇನ್ನು ಮೊದಲು ಕಣ್ತುಂಬ ನಿದ್ದೆ ಮಾಡಲಿ. ಆಮೇಲೆ, ಆಯುಸ್ಸು ಆರೋಗ್ಯಗಳು ಕೂಡಿಬಂದು, ಮನಸ್ಸಾದ ದಿನ ಪ್ರಯೋಗಾಲಯಕ್ಕೆ ಬರಲಿ. ಕಿಟಕಿ ಪಕ್ಕದ ಅವರ ಕುರ್ಚಿಯನ್ನು ಯಾರೂ ಎಳೆದುಕೊಳ್ಳುವುದಿಲ್ಲ.