ಕುಂಕುಮ ಇಟ್ಟ ಒಲೆಯ ತಕರಾರು

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಅದು ಏನು ಅಂತ ತಿಳಿಯುವ ಮೊದಲೇ ಪೂಜೆ ಆಗಿಬಿಡುತ್ತದೆ. ಬೈಕು, ಫ್ರಿಜ್ಜು ಬಿಡಿ, ಸೊಳ್ಳೆ ಹೊಡೆಯುವ ಬ್ಯಾಟಿಗೂ ಕುಂಕುಮ ಇಟ್ಟವಳು ನಮ್ಮವ್ವ. ಇದು ನಮ್ಮ ಸಂಸ್ಕೃತಿ ಅಂತ ನಾನು ಶಾಲೆಯಲ್ಲಿ ಮಕ್ಕಳಿಗೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಬ್ಯಾಂಕಿನ ಕಾರ್ಡಿನ ತಕರಾರೊಂದಕ್ಕೆ ಸಿಕ್ಕಿಕೊಂಡ ಮೇಲೆ ಸ್ವಲ್ಪ ದನಿ ತಗ್ಗಿಸಿದ್ದೇನೆ.

ನನ್ನ ಹೆಂಡತಿ ಗಿರಿಜಾಳ ಹೊಲಿಗೆ ಮಿಷನ್ ಕೆಟ್ಟು ಕೂತಿತ್ತು. ಶ್ರಾವಣ ಹತ್ತಿರ ಬಂದಿತ್ತು, ಓಣಿಯ ಹೆಂಗಸರು ಬ್ಲೌಸ್ ಬಟ್ಟೆ ತಂದು ಸುರಿದಿದ್ದರು. "ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ರದ ಅಂಗಡೀಲೇ ತಗೊಳ್ಳೋಣ ರೀ, ತುಳಿದು ನೋಡಿ ತರಬಹುದು" ಅಂದಳು. ನಾನು ಕೇಳಬೇಕಲ್ಲ! ಕಾಲ ಎಲ್ಲಿಗೆ ಹೋಗಿದೆ, ನೀನಿನ್ನೂ ಸೊರಬದ ಸಂತೆಯಲ್ಲೇ ಇದ್ದೀಯ ಅಂತ ಅವಳ ತವರನ್ನೂ ಸೇರಿಸಿ ಹಂಗಿಸಿದೆ. ಕೂತಲ್ಲೇ ಮೊಬೈಲಿನಲ್ಲಿ ಹೊಸ ಮಿಷನ್ ಆರ್ಡರ್ ಮಾಡಿ, ಕಾರ್ಡಿನಲ್ಲಿ ದುಡ್ಡೂ ಕಟ್ಟಿದೆ.

ಬಂದದ್ದು ನಾಲ್ಕು ಕಾಲಿನ ಕಬ್ಬಿಣದ ತೊಟ್ಟಿ, ಜೊತೆಗೆ ಒಂದಷ್ಟು ಉದ್ದನೆಯ ಸರಳು. "ಇದು ಸ್ಟ್ಯಾಂಡು, ಮಿಷನ್ ಹಿಂದಿಂದ ಬರುತ್ತೆ" ಅಂತ ಎಲ್ಲ ತಿಳಿದವನ ಹಾಗೆ ಹೇಳಿದೆ. ಅವ್ವ ತಡ ಮಾಡಲಿಲ್ಲ. ವಿಭೂತಿ, ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ. ಆರತಿ ಮುಗಿದ ಮೇಲೆ ಗಿರಿಜಾ ರಟ್ಟಿನ ಡಬ್ಬ ತಿರುಗಿಸಿದಳು. ಅದರ ಮೇಲೆ, ಅವೇ ಸರಳಿಗೆ ಕೋಳಿ ಪೋಣಿಸಿ ಕೆಂಡದಲ್ಲಿ ಸುಡುತ್ತಿರುವ ಚಿತ್ರ! ಮೊಟ್ಟೆಯ ಹೆಸರು ಬಂದರೂ ಮುಖ ಸಿಂಡರಿಸುವ ಅವ್ವ "ಶಿವ ಶಿವಾ" ಎನ್ನುತ್ತ ಮತ್ತೊಮ್ಮೆ ಸ್ನಾನಕ್ಕೆ ಹೋದಳು.

ವಾಪಸ್ ತಗೊಳ್ಳಿ ಅಂತ ಫೋಟೊ ಕಳಿಸಿದೆ. ವಸ್ತುವಿನ ಮೇಲೆ ಕೆಂಪು, ಹಳದಿ ಕಲೆಗಳಿವೆ, ಬಳಸಿದ ವಸ್ತು ವಾಪಸ್ ಇಲ್ಲ ಅಂತ ಮಾರಿದವರ ಉತ್ತರ ಬಂತು. ಮಸಾಲೆ ಅಂದುಕೊಂಡರೋ ಏನೋ, ಪುಣ್ಯಾತ್ಮರು. ಒರೆಸಿ ಇನ್ನೊಂದು ಫೋಟೊ ತೆಗೆಯೋಣ ಅಂತ ಬಟ್ಟೆ ಹಿಡಿದರೆ ಅವ್ವ ಅಡ್ಡ ನಿಂತಳು. "ಕುಂಕುಮ ಅಳಿಸೋ ಮಾತು ಈ ಮನೇಲಿ ಆಡಬ್ಯಾಡ. ಎದುರಿಗೆ ಸೊಸೆ ನಿಂತಾಳೆ, ಕಾಣಲ್ವೇನೋ?" ಹೀಗೆ ಆ ಕೋಳಿ ಸುಡುವ ಒಲೆಗೂ ನನ್ನ ಆಯುಷ್ಯಕ್ಕೂ ನಂಟು ಬಿತ್ತು.

ಅಷ್ಟರಲ್ಲಿ ಓಣಿಯವರು ಒಬ್ಬೊಬ್ಬರಾಗಿ ಬಂದು ಬ್ಲೌಸ್ ಬಟ್ಟೆ ವಾಪಸ್ ಕೇಳತೊಡಗಿದರು. ಗಿರಿಜಾ ಮಡಚಿ ಮಡಚಿ ಕೊಡುತ್ತಿದ್ದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅದನ್ನು ನೋಡಲಾರದೆ ಬ್ಯಾಂಕಿಗೆ ಫೋನ್ ಮಾಡಿ, ದುಡ್ಡು ವಾಪಸ್ ಕೊಡಿಸಿ ಅಂತ ಕಾರ್ಡಿನ ಪಾವತಿಯ ಮೇಲೆ ತಕರಾರು ಹಾಕಿದೆ. ಹೊಲದ ಬದುವಿನ ತಕರಾರು ಕೇಳುತ್ತ ಬೆಳೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆ ಕಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು, "ಪೂಜೆ ಮಾಡಿದ್ರಾ ಸರ್? ಹಾಗಾದ್ರೆ ಒಪ್ಪಿಕೊಂಡ ಹಾಗೇ ಆಯ್ತಲ್ಲ?" ಅಂದಳು. ಫೋನ್ ಸ್ಪೀಕರಿನಲ್ಲಿತ್ತು, ಮನೆಯವರಿಗೆಲ್ಲ ಕೇಳಿಸಿತು.

ಗಿರಿಜಾ ಫೋನ್ ಕಿತ್ತುಕೊಂಡಳು. "ಅಲ್ಲಮ್ಮ, ಹೊರಟು ನಿಂತ ಮುತ್ತೈದೆಗೂ ನಾವು ಕುಂಕುಮ ಕೊಡ್ತೀವಿ. ಹಂಗಂತ ಅವಳನ್ನ ಮನೇಲೇ ಇಟ್ಕೊಂಡ್ವಿ ಅಂತನಾ?"

ಆ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ, "ಇದನ್ನೇ ಬರೆದು ಕಳಿಸಿ ಮೇಡಂ" ಅಂದಳು. ಮೇಷ್ಟ್ರು ನಾನು, ಹೆಂಡತಿ ಹೇಳಿದ್ದನ್ನು ಉಕ್ತಲೇಖನದ ಹಾಗೆ ಬರೆದೆ. ಯಾವ ನಿಯಮದಲ್ಲಿ ಒಪ್ಪಿದರೋ ಕಾಣೆ, ದುಡ್ಡು ವಾಪಸ್ ಬಂತು. ಒಲೆ ಒಯ್ಯಲು ಜನ ಬಂದಾಗ ಅವ್ವ ಅದಕ್ಕೆ ಇನ್ನೊಮ್ಮೆ ಕುಂಕುಮ ಇಟ್ಟೇ ಬೀಳ್ಕೊಟ್ಟಳು.

ಗಿರಿಜಾ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತಾನೇ ಮಿಷನ್ ತಂದಳು. ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದರೆ, "ತಡೀರಿ ಅತ್ತೆ, ಒಂದು ಬ್ಲೌಸ್ ಹೊಲಿದು ನೋಡ್ತೀನಿ, ಆಮೇಲೆ ಪೂಜೆ" ಅಂದಳು.

"ಈ ಬುದ್ಧಿ ಯಾವಾಗಿಂದ ಬಂತೇ?" ಅಂತ ಛೇಡಿಸಿದೆ.

ಅವಳು ತಲೆ ಎತ್ತಲಿಲ್ಲ. "ಒಂದು ಸಲ ಸರಿಯಾಗಿ ನೋಡದೆ ಅಕ್ಷತೆ ಹಾಕಿಸ್ಕೊಂಡು ಬಿಟ್ಟೆನಲ್ಲ ರೀ, ಆವಾಗಿಂದ. ಆ ತಕರಾರನ್ನ ಯಾವ ಬ್ಯಾಂಕಿಗೆ ಹಾಕೋದು, ನೀವೇ ಹೇಳಿ."

ಅವ್ವ ಬಟ್ಟಲು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ನಾನು ಕತ್ತರಿ ತಂದು ಗಿರಿಜಾಳ ಕೈಗೆ ಕೊಟ್ಟೆ. ಬಳಸಿದ ವಸ್ತು ವಾಪಸ್ ಇಲ್ಲ ಎಂಬ ನಿಯಮ ಮೊದಲ ಸಲ ನನಗೆ ಬಹಳ ಹಿತವಾಗಿ ಕಂಡಿತು.