ಹೆಪ್ಸಿಬಾ ಜೋಡಿಸಿದ ಪೈಪುಗಳು

ಸ್ಟೀಫನ ಬಿದ್ದ ದಿನ ಅವನ ಹೆಂಡತಿ ಹೆಪ್ಸಿಬಾ ಔರಾದಿನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿಯಲ್ಲಿದ್ದಳು. ಹೆರಿಗೆ ವಾರ್ಡಿನಲ್ಲಿ ಕೈಬಿಡುವಿಲ್ಲದ ಕೆಲಸ. ಪರ್ಸಿನೊಳಗೆ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿತ್ತು. ತೆಗೆದು ನೋಡಿದರೆ ಸಾಲಾಗಿ ಖಾಜಾ ಮಿಯಾನ ಹೆಸರು. ಬೀದರಿನಲ್ಲಿ ರೇಡಿಯೇಟರುಗಳಿಗೆ ಬೆಸುಗೆ ಹಾಕುವ ಆ ಮುದುಕ ಗಂಡನ ಹಳೆಯ ಗೆಳೆಯ. ಸುಮ್ಮಸುಮ್ಮನೆ ಫೋನು ಮಾಡುವವನಲ್ಲ.

ತಿರುಗಿ ಫೋನು ಮಾಡಿ ಸುದ್ದಿ ಕೇಳಿ ಹತ್ತಿದ ಬೀದರಿನ ಬಸ್ಸು ದಾರಿಯ ಸಂತಪುರದಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತ ನಿಂತಾಗ ಇಳಿದು ಓಡಿಬಿಡಬೇಕು ಅನಿಸಿತು ಅವಳಿಗೆ. ಅಲ್ಲಿ ಬೀದರಿನಲ್ಲಿ, ಮಂಗಲಪೇಟದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ತಾನೇ ಕಟ್ಟುತ್ತಿದ್ದ ಕಾರಿನ ಕೆಳಗೆ, ಬಾಗಿಸಿದ ಪೈಪೊಂದನ್ನು ಎದೆಯ ಮೇಲಿಟ್ಟುಕೊಂಡು ಸ್ಟೀಫನ ಬೆಳಗಿನಿಂದ ಬಿದ್ದಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಖಾಜಾ ಮಿಯಾ ಬಂದು ನೋಡುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಲಕ್ವಾ ಹೊಡೆದಾಗ ಮೊದಲಿನ ತಾಸುಗಳಿಗೆ ಎಷ್ಟು ಬೆಲೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ತಾಸುಗಳೆಲ್ಲ ಶೆಡ್ಡಿನ ನೆಲದ ಮೇಲೆಯೇ ಕಳೆದುಹೋಗಿದ್ದವು.

ಸ್ಟೀಫನ ನೌಬಾದಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಊರವರ ಜೀಪು, ಟ್ರ್ಯಾಕ್ಟರುಗಳ ಕೆಳಗೆ ಮಲಗಿಯೇ ಅರ್ಧ ಆಯುಷ್ಯ ಸವೆಸಿದವನು. ತನ್ನದೂ ಅಂತ ಒಂದು ಗಾಡಿ ಇರಲಿ, ಅದೂ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಕೈಯಾರೆ ಕಟ್ಟಿದ್ದಿರಲಿ ಎಂಬ ಹುಚ್ಚು ಅವನಿಗೆ. ಕೊಯಮತ್ತೂರಿನಿಂದ ಲಾರಿಯಲ್ಲಿ ಬಿಡಿಬಿಡಿಯಾಗಿ, ನಾವೇ ಜೋಡಿಸಿಕೊಳ್ಳುವ ಕಾರಿನ ಕಿಟ್ ಬಂತು. ಕಬ್ಬಿಣದ ಕೊಳವೆಗಳ ಚೌಕಟ್ಟು, ಫೈಬರಿನ ಮೈ, ಎರಡೇ ಸೀಟು. ಅಪಘಾತವಾದ ಕಾರೊಂದರ ಇಂಜಿನ್ನನ್ನು ಹೈದರಾಬಾದಿನ ಗುಜರಿಯಿಂದ ತಂದು ಹಿಂಭಾಗದಲ್ಲಿ ಕೂರಿಸಿದ. ಅದಕ್ಕೊಂದು ಸೂಪರ್‌ಚಾರ್ಜರ್ ಕಟ್ಟಿದ. ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬಿ ಅದರ ಜೋರು ಹೆಚ್ಚಿಸುವ ಯಂತ್ರ ಅದು. ಆ ಜೋರಿಗೆ ತಕ್ಕಂತೆ ಪೆಟ್ರೋಲು ಬೇಕು, ಏಳುವ ಕಾವಿಗೆ ತಕ್ಕಂತೆ ನೀರು ಬೇಕು. ಇಂಜಿನ್ ಹಿಂದೆ, ರೇಡಿಯೇಟರೂ ಪೆಟ್ರೋಲ್ ಟ್ಯಾಂಕೂ ಮುಂದೆ. ಹೀಗಾಗಿ ಕಾರಿನ ಉದ್ದಕ್ಕೂ ಪೈಪುಗಳು ಓಡಬೇಕು. ಕಾದ ನೀರು ಮುಂದಕ್ಕೆ ಹೋಗಲು ಒಂದು, ತಣಿದದ್ದು ಹಿಂದಕ್ಕೆ ಬರಲು ಒಂದು. ಪೆಟ್ರೋಲಿಗೂ ಹಾಗೆಯೇ, ಹೋಗಲು ಒಂದು, ಉಳಿದದ್ದು ಟ್ಯಾಂಕಿಗೆ ಮರಳಲು ಇನ್ನೊಂದು. ಮಿಕ್ಕಿದ್ದೆಲ್ಲ ಮುಗಿದಿತ್ತು. ಈ ಪೈಪಿನ ಕೆಲಸ ಹಿಡಿದಾಗಲೇ ಅವನು ಬಿದ್ದದ್ದು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನ ಬಲಗೈ, ಬಲಗಾಲು ಬೇರೆ ಯಾರವೋ ಎಂಬಂತಿದ್ದವು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಮಾತೂ ಹೋಗಿತ್ತು, ಒಂದು ಶಬ್ದದ ಹೊರತು. ‘ಬ್ಯಾಡ’ ಅನ್ನುತ್ತಿದ್ದ. ನೀರಡಿಸಿದರೂ ಬ್ಯಾಡ, ಸಾಕಾದರೂ ಬ್ಯಾಡ. ಪಾಸ್ಟರು ಮನೆಗೆ ಬಂದು ಪ್ರಾರ್ಥನೆ ಮಾಡಿದರೆ ಆಮೆನ್ ಅನ್ನುವ ಜಾಗದಲ್ಲೂ ಬ್ಯಾಡ. ಹೇಳಬೇಕೆಂದದ್ದು ಏನೇ ಇರಲಿ, ಬಾಯಿಗೆ ಬರುವುದು ಅದೊಂದೇ ಎಂದು ಡಾಕ್ಟರು ತಿಳಿಸಿದರು. ಹೆಪ್ಸಿಬಾ ಶಬ್ದವನ್ನು ಬದಿಗಿಟ್ಟು ಕಣ್ಣು ನೋಡಿ ತಿಳಿಯುವುದನ್ನು ಕಲಿತಳು. ಕಲಿತೆನೆಂದುಕೊಂಡಳು.

ಭಾಲ್ಕಿಯಲ್ಲಿ ಸಾಲಿ ಮಾಸ್ತರನಾಗಿದ್ದ ಮೈದುನ ಎಡ್ವರ್ಡ ಬಂದಾಗಲೆಲ್ಲ ಶೆಡ್ಡಿನ ಕಡೆ ನೋಡಿ ಮುಖ ತಿರುಗಿಸುತ್ತಿದ್ದ. “ವೈನಿ, ಅದನ್ನ ಯಾರಿಗರ ಕೊಟ್ಟು ಬಿಡ್ರಿ. ಅದರ ಬುಡಕೇ ನಮ್ಮಣ್ಣ ಬಿದ್ದಾನ,” ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವಳ ತಲೆಯಲ್ಲಿ ಬೇರೆಯೇ ಒಂದು ಆಸೆ ಬೇರು ಬಿಟ್ಟಿತ್ತು. ಕಾರು ಮುಗಿದರೆ, ಆ ಇಂಜಿನ್ನಿನ ಸದ್ದು ಒಮ್ಮೆ ಕಿವಿಗೆ ಬಿದ್ದರೆ, ಒಳಗೆಲ್ಲೋ ಕುಳಿತುಬಿಟ್ಟಿರುವ ಸ್ಟೀಫನ ಎದ್ದು ಬರಬಹುದು. ವಾರ್ಡಿನಲ್ಲಿ ಬೇರೆ ಯಾರ ಹೆಂಡತಿಯಾದರೂ ಹೀಗೆ ಅಂದಿದ್ದರೆ ಅವಳೇ ಮೆಲ್ಲಗೆ ತಿಳಿಹೇಳುತ್ತಿದ್ದಳು. ತನಗೆ ಹೇಳಿಕೊಳ್ಳಲು ಆಗಲಿಲ್ಲ.

ರವಿವಾರ ಚರ್ಚಿನಿಂದ ಬಂದ ಮೇಲೆ ಹಳೆಯ ಸೀರೆ ಉಟ್ಟು ಕಾರಿನ ಕೆಳಗೆ ತೂರತೊಡಗಿದಳು. ಖಾಜಾ ಮಿಯಾ ಪೈಪು ಬಾಗಿಸುವುದು, ಕೊಯ್ಯುವುದು, ಬೆಸುಗೆ ಹಾಕುವುದು ಮಾಡಿದರೆ, ಇಕ್ಕಟ್ಟಿನಲ್ಲಿ ಕೈ ಹಾಕಿ ರಬ್ಬರ್ ಹೋಸು ಸೇರಿಸಿ ಕ್ಲಿಪ್ಪು ಬಿಗಿಯುವುದು ಅವಳ ಪಾಲು. ಸ್ಟೀಫನನನ್ನು ಕಾರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮೊದಮೊದಲು ಅವನು ಎತ್ತಲೋ ನೋಡುತ್ತಿದ್ದ.

ಒಂದು ರವಿವಾರ ಖಾಜಾ ಮಿಯಾ ಪೆಟ್ರೋಲಿನ ಪೈಪನ್ನೂ ಕಾದ ನೀರಿನ ಪೈಪಿನ ಜೊತೆಗೇ ಕಾರಿನ ನಡುವೆ ಉದ್ದಕ್ಕೂ ಇದ್ದ ಸುರಂಗದಂಥ ಪೊಳ್ಳಿನಲ್ಲಿ ಹಾಯಿಸಲು ಹೊರಟ. ದಾರಿ ನೇರ, ಕೆಲಸ ಸುಲಭ. ಆಗ ಎಡಗೈಗೆ ಸಿಕ್ಕ, ನಟ್ಟು ಬಿಗಿಯುವ ಪಾನಾ ಎತ್ತಿ ಸ್ಟೀಫನ ಬೀಸಿ ಒಗೆದ. ಅದು ಖಾಜಾ ಮಿಯಾನ ಕಿವಿಯ ಪಕ್ಕದಲ್ಲೇ ಹಾದು ತಗಡಿಗೆ ಬಡಿಯಿತು. ಬ್ಯಾಡ, ಬ್ಯಾಡ ಎಂದು ಕೂಗುತ್ತ ಎಡಗೈಯಿಂದ ಚೌಕಟ್ಟಿನ ಹೊರಬದಿಯನ್ನು ತೋರಿಸಿದ. ಕಾವಿನ ಪಕ್ಕದಲ್ಲಿ ಪೆಟ್ರೋಲು ಓಡಬಾರದು, ಹೊರಗಿನಿಂದ ಸುತ್ತಿಸಿ ಒಯ್ಯಬೇಕು. ಅವನು ಹೇಳುತ್ತಿದ್ದದ್ದು ಅದೇ. ಖಾಜಾ ಮಿಯಾ ನೆಲದ ಮೇಲೆ ಕುಳಿತು ಕಣ್ಣೊರೆಸಿಕೊಂಡ.

“ಸಿಸ್ಟರ, ಇವ ಒಳಗ ಪೂರಾ ಹಾನ. ಹೋಗಿಲ್ಲ,” ಅಂದ.

ಆ ಮಾತಿನ ಮೇಲೆ ಹೆಪ್ಸಿಬಾ ಎಷ್ಟೋ ವಾರ ಬದುಕಿದಳು. ಔರಾದಿನ ಬಸ್ಸಿನಲ್ಲಿ ಕುಳಿತು ಅದನ್ನೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು. ಅವನನ್ನು ಮೀಯಿಸುವಾಗ, ಉಣಿಸುವಾಗ, ಇವತ್ತು ಎಲ್ಲಿಯವರೆಗೆ ಪೈಪು ಬಂತು, ಎಲ್ಲಿ ಕೈ ತರಚಿತು ಎಂದೆಲ್ಲ ಹೇಳುತ್ತಿದ್ದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಇಷ್ಟು ಮಾತಾಡಿರಲಿಲ್ಲ. ಮಾತೆಲ್ಲ ಅವಳದೇ ಆಗಿತ್ತು, ನಿಜ.

ಬೇಸಿಗೆಯ ಹೊತ್ತಿಗೆ ಕೆಲಸ ಮುಗಿಯಿತು. ಕೂಲಂಟ್ ಬೆರೆಸಿದ ಹಸಿರು ನೀರನ್ನು ಮೆಲ್ಲಗೆ ತುಂಬಿದರು. ಅಷ್ಟುದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಮುಂದೆ ಹೋಗದೆ ಇಂಜಿನ್ ಸುಟ್ಟುಹೋಗುತ್ತದೆ. ಸಲೈನ್ ನಳಿಗೆಯ ಗಾಳಿ ತೆಗೆದು ರೂಢಿಯಿದ್ದ ಅವಳು ಎತ್ತರದಲ್ಲಿದ್ದ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಕಾದು ನಿಂತಳು. ಸ್ಟೀಫನ ಆ ದಿನ ಬೆಳಗಿನಿಂದ ತಡೆಯಿಲ್ಲದೆ ಬ್ಯಾಡ ಅನ್ನುತ್ತಿದ್ದ. ಎಡಗೈ ರೇಡಿಯೇಟರಿನ ಕಡೆ ಹೋಗುತ್ತಿತ್ತು. ಖಾಜಾ ಮಿಯಾ ಅಲ್ಲಿನ ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿದ. ಅವನ ಬ್ಯಾಡ ನಿಲ್ಲಲಿಲ್ಲ. ಅವಳು ಅವನ ಕಣ್ಣು ನೋಡಿದಳು. ಕಣ್ಣು ಹೊಳೆಯುತ್ತಿದ್ದವು. ಖುಷಿ ತಡೆಯಲಾರದೆ ಹೀಗೆ ಮಾಡುತ್ತಿದ್ದಾನೆ ಅಂದುಕೊಂಡಳು. “ತಡೀರಿ, ಈಗ ಚಾಲೂ ಮಾಡ್ತೇನಿ. ಕೇಳ್ರಿ ನೀವು,” ಎಂದು ಅವನ ತಲೆ ನೇವರಿಸಿ ಹೋಗಿ ಕೀಲಿ ತಿರುಗಿಸಿದಳು.

ಇಂಜಿನ್ ಚಾಲೂ ಆಯಿತು. ಶೆಡ್ಡಿನ ತಗಡೆಲ್ಲ ನಡುಗಿತು. ಸೂಪರ್‌ಚಾರ್ಜರಿನ ಕೂಗು ಇಂಜಿನ್ನಿನ ಸದ್ದಿನ ಮೇಲೆ ಏರುತ್ತ ಹೋಯಿತು. ಖಾಜಾ ಮಿಯಾ ಎರಡೂ ಕೈ ಎತ್ತಿ ಅಲ್ಲಾನನ್ನು ನೆನೆದ. ಸೀಟಿನಲ್ಲಿ ಕುಳಿತ ಹೆಪ್ಸಿಬಾಗೆ ಎದುರಿಗಿದ್ದ ಗಂಡನ ಬಾಯಿ ಆಡುವುದು ಕಾಣುತ್ತಿತ್ತು, ಶಬ್ದ ಕೇಳುತ್ತಿರಲಿಲ್ಲ. ಅವಳು ನಕ್ಕು ತಲೆಯಾಡಿಸಿದಳು. ಕಾವು ಏರಿತು, ಪೈಪಿನೊಳಗಿನ ಒತ್ತಡವೂ ಏರಿತು. ರೇಡಿಯೇಟರಿನ ಹತ್ತಿರ ಹೋಸು ಒಮ್ಮೆಲೆ ಕಳಚಿ ಕುದಿನೀರು ಚಿಮ್ಮಿತು.

ಕೀಲಿ ಹೊರಳಿಸಿ ಜಿಗಿದು ಬಂದಳು. ಶೆಡ್ಡಿನ ತುಂಬ ಉಗಿ. ಖಾಜಾ ಮಿಯಾ ಕೈ ಹಿಡಿದುಕೊಂಡು ಚೀರುತ್ತಿದ್ದ. ಚೀರುವವನ ಕಡೆಗೇ ಅವಳ ಕಾಲು ಓಡಿದವು. ಅವನನ್ನು ನಲ್ಲಿಯ ಕೆಳಗೆ ಎಳೆದೊಯ್ದು ಕೈ ಹಿಡಿದು ನಿಂತಳು. ಆಮೇಲೆ ತಿರುಗಿ ನೋಡಿದಳು. ಸ್ಟೀಫನ ಕುರ್ಚಿಯಲ್ಲಿ ಹಾಗೆಯೇ ಕುಳಿತಿದ್ದ. ಮುಂದಕ್ಕೆ ಚಾಚಿದ ಬಲಗಾಲಿನ ಪ್ಯಾಂಟಿನಿಂದ ಹಬೆ ಏಳುತ್ತಿತ್ತು. ನೋವು ಗೊತ್ತಾಗದ ಕಾಲು ಅದು. ಅವನು ಕಾಲನ್ನು ನೋಡುತ್ತಿರಲಿಲ್ಲ. ಕಳಚಿದ ಹೋಸನ್ನೇ ನೋಡುತ್ತಿದ್ದ.

ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಎಬ್ಬಿಸಬೇಕು, ಅದಿಲ್ಲದಿದ್ದರೆ ಎಷ್ಟು ಬಿಗಿದರೂ ಹೋಸು ಜಾರುತ್ತದೆ. ಬೀಳುವ ಮೊದಲು ಸ್ಟೀಫನ ಕೊಯ್ದಿಟ್ಟಿದ್ದ ಪೈಪು ಅದು, ಅಂಚು ಎಬ್ಬಿಸುವುದು ಉಳಿದಿತ್ತು. ಅವನು ಮಾಡಿ ಮುಗಿಸಿದ್ದು ಎಂದುಕೊಂಡು ಖಾಜಾ ಮಿಯಾ ಹಾಗೆಯೇ ಕೂರಿಸಿದ್ದ. ಕೈಗೆ ಪಟ್ಟಿ ಸುತ್ತಿಕೊಂಡು ಅವನೇ ಇದನ್ನು ತೋರಿಸಿದಾಗ ಹೆಪ್ಸಿಬಾ ಪೈಪಿನ ನುಣುಪು ತುದಿಯನ್ನು ಬೆರಳಿನಿಂದ ಸವರಿ ನೋಡಿದಳು. ಬೆಳಗಿನಿಂದ ಆ ಒಂದು ಶಬ್ದವನ್ನು ಸ್ಟೀಫನ ಸರಿಯಾಗಿಯೇ ಆಡುತ್ತಿದ್ದ.

ಸುಟ್ಟ ಗಾಯ ಮಾಯಲು ಮಳೆಗಾಲವಿಡೀ ಬೇಕಾಯಿತು. ಸತ್ತ ಚರ್ಮ ತೆಗೆಯುವುದು, ಮುಲಾಮು ಹಚ್ಚುವುದು, ಬಟ್ಟೆ ಸುತ್ತುವುದು ಅವಳೇ. ಸ್ಟೀಫನ ಬ್ಯಾಡ ಅನ್ನುವುದನ್ನೂ ಬಿಟ್ಟ. ಅವಳು ಎದುರಿಗೆ ಕುಳಿತರೆ ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದ. ಸಿಟ್ಟೋ, ದಣಿವೋ, ಅವಳು ಕೇಳುವ ಧೈರ್ಯ ಮಾಡಲಿಲ್ಲ. ಕೇಳಿದರೂ ತಿಳಿಯುವ ಬಗೆ ಅವಳ ಬಳಿ ಉಳಿದಿರಲಿಲ್ಲ. ಖಾಜಾ ಮಿಯಾ ಒಮ್ಮೆ ಆ ಪೈಪಿಗೆ ಅಂಚು ಎಬ್ಬಿಸಿ ತಂದಿದ್ದ. ಅವಳು ಬಾಗಿಲಲ್ಲೇ ನಿಂತು, ಟ್ಯಾಂಕಿನ ಪೆಟ್ರೋಲು ಇಳಿಸಿಕೊಂಡು ಹೋಗಿಬಿಡು ಭಾಯ್ ಅಂದಳು. ಅವನು ಇಳಿಸಿಕೊಂಡು ಹೋದ.

ದಸರೆ ಮುಗಿದ ಮೇಲೆ ಎಡ್ವರ್ಡ ಭಾಲ್ಕಿಯಿಂದ ಜೀಪು ತಂದ. ಅಂಗಳದಲ್ಲಿ ನಿಂತೇ ಮಾತಾಡಿದ.

“ನೀವು ಡ್ಯೂಟಿಗಿ ಹೋಗ್ತೀರಿ, ಅವ ದಿನಾ ಒಬ್ಬನೇ ಬಿದ್ದಿರ್ತಾನ. ನಮ್ಮನ್ಯಾಗ ನಾಕು ಮಂದಿ ಹಾರ. ಅಣ್ಣನ್ನ ಒಯ್ತೇನಿ ರಿ, ವೈನಿ.”

“ನಾನ ನೋಡ್ಕೊತೇನಿ, ಎಡ್ವರ್ಡ.”

“ನೋಡಿದ್ದೇನಿ ರಿ, ಹ್ಯಾಂಗ ನೋಡ್ಕೊಂಡ್ರಿ ಅಂತ.”

ಅಂದಮೇಲೆ ಅವನೇ ತಲೆ ತಗ್ಗಿಸಿದ. ಅವಳು ಒಳಗೆ ಹೋಗಿ ಗಂಡನ ಅಂಗಿಗಳನ್ನು ಮಡಿಚಿ ಚೀಲಕ್ಕೆ ಹಾಕಿದಳು, ಗಾಯಕ್ಕೆ ಹಚ್ಚುವ ಮುಲಾಮನ್ನು ಮೇಲೆ ಇಟ್ಟಳು. ಸ್ಟೀಫನನನ್ನು ಎತ್ತಿ ಜೀಪಿನಲ್ಲಿ ಕೂರಿಸುವಾಗ ಅವನ ಎಡಗೈ ಅವಳ ಸೆರಗನ್ನು ಹಿಡಿದುಕೊಂಡಿತು. ಗಟ್ಟಿಯಾಗಿ ಹಿಡಿದಿತ್ತು. ಎಡ್ವರ್ಡ ಬಿಡಿಸಲು ಬಂದ. ಅವಳು ಅವನನ್ನು ಸರಿಸಿ ತಾನೇ ಬಾಗಿ, ರೋಗಿಯ ಮುಷ್ಟಿ ಬಿಡಿಸುವಂತೆ, ಬೆರಳೊಂದೊಂದನ್ನೇ ಬಿಡಿಸಿದಳು.

ಈಗ ರವಿವಾರ ಚರ್ಚು ಬಿಟ್ಟ ಕೂಡಲೇ ಅವಳು ಭಾಲ್ಕಿಯ ಬಸ್ಸು ಹಿಡಿಯುತ್ತಾಳೆ. ಅವನು ಅಂಗಳದ ಬೇವಿನ ಕೆಳಗೆ ಕುಳಿತಿರುತ್ತಾನೆ, ಮೈ ಸ್ವಲ್ಪ ತುಂಬಿಕೊಂಡಿದೆ. ಎಡ್ವರ್ಡನ ಹೆಂಡತಿ ಚಹಾ ತಂದುಕೊಟ್ಟು ಒಳಗೆ ಹೋಗುತ್ತಾಳೆ. ಹೆಪ್ಸಿಬಾ ಅವನ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾಳೆ, ಔರಾದಿನ ಮಾತು, ವಾರ್ಡಿನ ಮಾತು ಯಾವುದನ್ನೂ ಎತ್ತುವುದಿಲ್ಲ. ಬಸ್ಸಿಗೆ ಹೊತ್ತಾಗುವವರೆಗೆ ಇಬ್ಬರೂ ರಸ್ತೆಯಲ್ಲಿ ಹೋಗಿಬರುವ ಗಾಡಿಗಳನ್ನು ನೋಡುತ್ತಿರುತ್ತಾರೆ.