ಓವರ್ಸಿಯರರ ಬಸುರಿ ಕಲ್ಲು

ಕಲ್ಯಾಣದುರ್ಗದ ಸೋಮಶೇಖರಪ್ಪನವರು ರಸ್ತೆ ಓವರ್ಸಿಯರ್. ತಲೆಯ ಮೇಲೆ ಸೋಲಾ ಟೋಪಿ, ಜೇಬಿನಲ್ಲಿ ಫೌಂಟನ್ ಪೆನ್ನು, ಇವೆರಡರ ನಡುವೆ ಒಂದೇ ಒಂದು ಗ್ರೀಕ್ ಪದ. ಐವತ್ತೆಂಟನೇ ಇಸವಿಯಲ್ಲಿ ಹಿಂದೂಪುರದ ಬಂಗಲೆಯಲ್ಲಿ ತಂಗಿದ್ದ ಭೂಗರ್ಭ ಇಲಾಖೆಯ ಸಾಹೇಬರೊಬ್ಬರು ಅದನ್ನು ದಾನ ಮಾಡಿ ಹೋಗಿದ್ದರು. ಹೊರಗೆ ಒರಟಾಗಿ, ಒಳಗೆ ಟೊಳ್ಳಾಗಿ, ಆ ಟೊಳ್ಳಿನ ಗೋಡೆಗೆಲ್ಲ ಹರಳು ಕಚ್ಚಿಕೊಂಡಿರುವ ಕಲ್ಲಿಗೆ ಜಿಯೋಡ್ ಎನ್ನುತ್ತಾರೆ. ಹಾಗೆಂದರೆ 'ಮಣ್ಣಿನಂಥದ್ದು' ಎಂದು. ಅಂದಿನಿಂದ ಓವರ್ಸಿಯರರು ಇದನ್ನು ಕ್ಷೌರಿಕನಿಗೆ ಹೇಳಿದರು, ಬಸ್ ಕಂಡಕ್ಟರನಿಗೆ ಹೇಳಿದರು, ಬೇಳೆ ಮುಗಿದಿದೆ ಎಂದ ಹೆಂಡತಿಗೂ ಹೇಳಿದರು.

ಪರಿಗಿ ರಸ್ತೆಯಲ್ಲಿ ಜಲ್ಲಿ ಒಡೆಯುವ ಹೆಂಗಸರದು ಬೇರೆಯೇ ವಿದ್ಯೆ. ಪೆನ್ನಾರು ಹೊಳೆಯಿಂದ ತಂದ ಗುಂಡುಕಲ್ಲನ್ನು ಒಡೆಯುವ ಮುಂಚೆ ಸುತ್ತಿಗೆಯ ಹಿಂಬದಿಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಟಣ್ ಎಂದರೆ ಜಲ್ಲಿ. ಬೊದ್ ಎಂದರೆ ಬಸುರಿ ಕಲ್ಲು, ಅದನ್ನು ಒಡೆಯುವಂತಿಲ್ಲ. ಗುಂಪಿನಲ್ಲಿ ಬಸುರಿಯಾದವಳು ಹೆರಿಗೆಯವರೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು, ಆಮೇಲೆ ಹೊಳೆಗೆ ಬಿಡಬೇಕು. ಆ ವರ್ಷ ಅದು ತಿಪ್ಪಕ್ಕನ ಪಾಲಿಗೆ ಬಂದಿತ್ತು. ಅವಳಿಗೆ ಏಳು ತಿಂಗಳು. ಮುಂಚಿನ ಎರಡು ಕೂಸುಗಳು ಉಳಿದಿರಲಿಲ್ಲ.

ಸೋಮವಾರ ಇಂಜಿನಿಯರು ಬರುವವರಿದ್ದರು. ಅವರ ಕಣ್ಣೆದುರು ಜಿಯೋಡ್ ಒಡೆದು ಅರ್ಥ ಹೇಳಿದರೆ ತಮ್ಮ ಘನತೆ ಎಲ್ಲಿಗೆ ಮುಟ್ಟೀತೆಂದು ಓವರ್ಸಿಯರರು ಮೂರು ದಿನ ಊಹಿಸಿದರು. ಶನಿವಾರ ಬೆಳಗ್ಗೆ ತಿಪ್ಪಕ್ಕನ ಮುಂದೆ ಕೈ ಚಾಚಿದರು.

"ಕೊಡಮ್ಮ ಇತ್ಲಾಗೆ."

"ಒಡೀಬ್ಯಾಡಿ ಸಾಮಿ, ನಿಮ್ ಕಾಲಿಗ್ ಬೀಳ್ತೀನಿ," ಎಂದಳು ತಿಪ್ಪಕ್ಕ. "ಇದೊಂದು ಕೂಸಾದ್ರೂ ಉಳೀಲಿ."

"ಬಸುರೀನೂ ಅಲ್ಲ, ಬಾಣಂತೀನೂ ಅಲ್ಲ ಕಣಮ್ಮ. ಇದು ಜಿಯೋಡ್. ಗ್ರೀಕ್ ಮಾತು. ಮಣ್ಣಿನಂಥದ್ದು!"

ಮುದುಕಿ ರಾಮಾಂಜಿನಮ್ಮ ಎಲೆಅಡಿಕೆ ಉಗಿದಳು. "ಏಮಯ್ಯಾ, ಮಣ್ಣು ಒಳಗೆ ಏನೇನ್ ಮಡಿಕ್ಕೊಂಡೈತೆ ಅಂತಾನೂ ಹೇಳಿದ್ರಾ ನಿಮ್ ಗ್ರೀಕ್‌ನೋರು?"

ಓವರ್ಸಿಯರರು ತಿಪ್ಪಕ್ಕನ ಕೈಯಿಂದ ಅದನ್ನು ಕಸಿದುಕೊಂಡರು. ಕಲ್ಲನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಪರಿಗಿಯ ತಮ್ಮ ಕೋಣೆಗೆ ಹೊರಟುಬಿಟ್ಟರು.

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇಲ್ಲ. ಮೇಜಿನ ಮೇಲಿದ್ದ ಕಲ್ಲನ್ನು ಓವರ್ಸಿಯರರು ಭಾಷಣದ ಅಭ್ಯಾಸಕ್ಕೆಂದು ಪೆನ್ನಿನಿಂದ ತಟ್ಟಿದರು: ಟಕ್, ಟಕ್.

ಒಳಗಿನಿಂದ ಮೆಲ್ಲಗೆ: ಟಕ್, ಟಕ್.

ಒಳಗೆ ನೀರು ನಿಂತಿರುವುದೂ ಉಂಟೆಂದು ಸಾಹೇಬರು ಹೇಳಿದ್ದರು. ಸರಿ, ನೀರು. ಪರೀಕ್ಷೆಗೆಂದು ಮೂರು ಸಲ ತಟ್ಟಿದರು. ಉತ್ತರವಿಲ್ಲ. ನಗುತ್ತ ಎದ್ದು, ಹೂಜಿಯ ಕಡೆ ಬೆನ್ನು ತಿರುಗಿಸಿದರು. ಆಗ ಬಂತು. ಒಂದು, ಎರಡು, ಮೂರು.

ನೀರಿಗೆ ಎಣಿಸಲು ಬರುತ್ತದೆಂದು ಸಾಹೇಬರು ಹೇಳಿರಲಿಲ್ಲ.

ಲೋಟ ಕೈಯಲ್ಲೇ ಇತ್ತು, ಬಾಗಿಲಲ್ಲಿ ರಾಮಾಂಜಿನಮ್ಮ ಏದುಸಿರು ಬಿಡುತ್ತ ನಿಂತಿದ್ದಳು. "ನೀವು ಕಲ್ಲು ಕೊಂಡೋದಾಗಿಂದ ಹೊಟ್ಟೇಲಿ ಕೂಸು ಮಿಸುಕ್ತಾ ಇಲ್ಲ ಸಾಮಿ. ತಿಪ್ಪಕ್ಕ ಸುತ್ತಿಗೆ ಬಿಟ್ಟು ಕೂತ್ಬುಟ್ಟವ್ಳೆ."

ಮೂಢನಂಬಿಕೆಯ ಬಗ್ಗೆ ಓವರ್ಸಿಯರರ ಬಳಿ ಒಳ್ಳೆಯ ಮಾತುಗಳಿದ್ದವು. ಅವುಗಳನ್ನೂ ಲೋಟವನ್ನೂ ಅಲ್ಲೇ ಬಿಟ್ಟು ಮೇಜಿನತ್ತ ನಡೆದರು. ಕಲ್ಲನ್ನೆತ್ತಿದರೆ ಅದು ಬೆಚ್ಚಗಿತ್ತು. ಈ ಸಲ ಕ್ಯಾರಿಯರಿಗೆ ಕಟ್ಟಲು ಮನಸ್ಸಾಗದೆ ಎದೆಗವಚಿಕೊಂಡು ಒಂದೇ ಕೈಯಲ್ಲಿ ಸೈಕಲ್ ಓಡಿಸಿದರು. ದಾರಿಯಲ್ಲಿ ಸೋಲಾ ಟೋಪಿ ಹಾರಿಹೋಯಿತು, ಅವರು ನಿಲ್ಲಲಿಲ್ಲ.

ತಿಪ್ಪಕ್ಕ ಕಲ್ಲನ್ನು ಹೊಟ್ಟೆಗೊತ್ತಿ ಹಿಡಿದಳು. ಇಪ್ಪತ್ತು ಸುತ್ತಿಗೆಗಳು ಸದ್ದಿಲ್ಲದೆ ಕಾದವು. ಬಹಳ ಹೊತ್ತಿನ ಮೇಲೆ ಅವಳು ಉಸಿರು ಬಿಟ್ಟಳು. "ಒದೀತು."

ಸೋಮವಾರ ಇಂಜಿನಿಯರು ಕೇಳಿದರು: "ಏನೋ ವಿಶೇಷ ತೋರಿಸ್ತೀನಿ ಅಂದಿದ್ರಲ್ಲ?"

"ಏನಿಲ್ಲ ಸಾರ್. ಬರೀ ಜಲ್ಲಿ."

ತಿಪ್ಪಕ್ಕ ಹೆಣ್ಣುಮಗು ಹೆತ್ತಳು, ಉಳಿಯಿತು. ಕಲ್ಲು ಹೊಳೆ ಸೇರಿತು. ಮೂರು ತಿಂಗಳಿಗೆ ಅವಳು ಕೆಲಸಕ್ಕೆ ಮರಳಿದಾಗ ಬೇವಿನ ಕೊಂಬೆಗೆ ಸೀರೆಯ ಜೋಲಿ ತೂಗುತ್ತಿತ್ತು. ಜಲ್ಲಿ ರಾಶಿ ಅಳೆಯಲು ಬಂದ ಓವರ್ಸಿಯರರು ಯೋಚನೆಯಿಲ್ಲದೆ ಪೆನ್ನಿನಿಂದ ಡೈರಿಯ ರಟ್ಟಿನ ಮೇಲೆ ಮೂರು ಸಲ ತಟ್ಟಿ, ತಟ್ಟಿದ ಮೇಲೆ ಬೆಚ್ಚಿ ಜೋಲಿಯತ್ತ ನೋಡಿದರು. ಅದು ಅಲುಗಲಿಲ್ಲ. ಸದ್ಯ ಎಂದುಕೊಂಡು ಸೈಕಲ್ಲಿನ ಕಡೆ ನಡೆದರು.

ಹಿಂದಿನಿಂದ ರಾಮಾಂಜಿನಮ್ಮನ ನಗು ಕೇಳಿಸಿತು. "ನೋಡಮ್ಮೀ ತಿಪ್ಪಕ್ಕ, ಹೆಂಗ್ ಒದೀತೈತೆ ನಿನ್ ಮಗಳು! ಒಂದು... ಎರಡು... ಮೂರು... ಅಷ್ಟೆಯಾ? ಸುಮ್ಕಾಗ್ಬುಟ್ಲು."

ಓವರ್ಸಿಯರರು ತಿರುಗಿ ನೋಡಲಿಲ್ಲ.